ನಲವತ್ತರಲ್ಲಿ ಸಿಗರೇಟು ಬಿಟ್ಟು ಪ್ರಯೋಜನವಿದೆಯೇ? ಪ್ರತಿ ಸಲ ಮೂರನೆಯ ದಿನಕ್ಕೇ ಏಕೆ ಸೋಲುತ್ತೇನೆ?

ನೀವು ಕೇಳಿರುವುದು ಮೂರು ಪ್ರಶ್ನೆ. ವಯಸ್ಸು ನಲವತ್ತು, ಇಪ್ಪತ್ತು ವರ್ಷ ದಿನಕ್ಕೊಂದು ಪ್ಯಾಕ್ ಸೇದಿ ಆಗಿದೆ, ಇನ್ನು ಬಿಟ್ಟು ಏನು ಬಂತು? ಪೂರ್ತಿ ಬಿಡುವ ಬದಲು ದಿನಕ್ಕೆ ಎರಡಕ್ಕೆ ಇಳಿಸಿಕೊಂಡರೆ ಸಾಲದೇ? ಬಿಟ್ಟಾಗಲೆಲ್ಲ ಮೂರನೆಯ ದಿನಕ್ಕೆ ಮತ್ತೆ ಕೈ ಹೋಗುವುದೇಕೆ? ನನ್ನ ಪ್ರಕಾರ ಕೊನೆಯದೇ ನಿಜವಾದ ಪ್ರಶ್ನೆ, ಮೊದಲೆರಡು ಅದರಿಂದ ತಪ್ಪಿಸಿಕೊಳ್ಳುವ ದಾರಿಗಳು. ಆದರೂ ಅವಕ್ಕೂ ಉತ್ತರವಿದೆ.

ನಾನು ವೈದ್ಯನಲ್ಲ. ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಯಂತ್ರ ನಡೆಸುವ ತಂತ್ರಜ್ಞ. ಬಂದವರ ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿಸಿ, ‘ಊದಿ, ಊದಿ, ಇನ್ನೂ ಊದಿ’ ಎಂದು ಕೂಗುವುದು ನನ್ನ ಕೆಲಸ. ಆರೋಗ್ಯವಂತ ಮನುಷ್ಯ ಊದುವ ಗಾಳಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಮೊದಲ ಸೆಕೆಂಡಿನಲ್ಲೇ ಹೊರಬಿದ್ದಿರುತ್ತದೆ. ವರ್ಷಗಟ್ಟಲೆ ಸೇದಿದ ಎಷ್ಟೋ ಮಂದಿಗೆ ಅದು ಸಾಧ್ಯವಾಗುವುದಿಲ್ಲ. ಮುಖ ಕೆಂಪೇರಿ ಕುತ್ತಿಗೆಯ ನರ ಉಬ್ಬಿಬಂದಿರುತ್ತದೆ, ಎಂಟು ಒಂಬತ್ತು ಸೆಕೆಂಡಾದರೂ ಗಾಳಿ ಎಳೆಯೆಳೆಯಾಗಿ ಬರುತ್ತಲೇ ಇರುತ್ತದೆ, ಪರದೆಯ ಮೇಲಿನ ಗೆರೆ ನಡುವೆ ಒಳಕ್ಕೆ ಕುಸಿದಿರುತ್ತದೆ. ಇವರಲ್ಲಿ ಅನೇಕರು ಬಂದಿರುವುದು ‘ಮೆಟ್ಟಿಲು ಹತ್ತುವಾಗ ಸ್ವಲ್ಪ ದಮ್ಮು, ವಯಸ್ಸಾಯಿತಲ್ಲ’ ಎನ್ನುತ್ತಾ.

ವಯಸ್ಸಿನ ಪಾಲು ಇರುವುದು ನಿಜ. ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಯೌವನ ಕಳೆದ ಮೇಲೆ ಎಲ್ಲರಿಗೂ ವರ್ಷಕ್ಕೆ ಸುಮಾರು 30 ಮಿಲಿಲೀಟರಿನಷ್ಟು ಕಡಿಮೆಯಾಗುತ್ತದೆ. ಹೊಗೆಯ ಪೆಟ್ಟು ತಾಳದ ಶ್ವಾಸಕೋಶವಾದರೆ ಈ ಇಳಿತ ಅದರ ದುಪ್ಪಟ್ಟು. ಒಮ್ಮೆ ಹಾಳಾದ ಗಾಳಿಚೀಲಗಳು ಮತ್ತೆ ಹುಟ್ಟುವುದಿಲ್ಲ, ಅದರಲ್ಲಿ ಸುಳ್ಳು ಭರವಸೆ ಕೊಡಲಾರೆ. ಆದರೆ ಬಿಟ್ಟವರಲ್ಲಿ ಇಳಿತದ ವೇಗ ಸೇದದವರ ವೇಗಕ್ಕೆ ಹತ್ತಿರ ಬರುತ್ತದೆ. ಅರವತ್ತೈದರಲ್ಲಿ ಮಾರುಕಟ್ಟೆಯಿಂದ ನಡೆದು ಮನೆಗೆ ಬರುತ್ತೀರೋ, ಆಮ್ಲಜನಕದ ಸಿಲಿಂಡರ್ ಪಕ್ಕ ಕೂರುತ್ತೀರೋ ಎಂಬುದು ಬಹುಮಟ್ಟಿಗೆ ಈ ವೇಗದ ಲೆಕ್ಕ.

ಇನ್ನು ಆಯಸ್ಸಿನ ಮಾತು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ ಐವತ್ತು ವರ್ಷ ಅಲ್ಲಿನ ಪುರುಷ ವೈದ್ಯರನ್ನೇ ಬೆನ್ನುಹತ್ತಿ, ಯಾರು ಸೇದಿದರು, ಯಾರು ಬಿಟ್ಟರು, ಯಾರು ಯಾವಾಗ ತೀರಿಕೊಂಡರು ಎಂದು ದಾಖಲಿಸಿದರು. 2004ರಲ್ಲಿ ಪ್ರಕಟವಾದ ಲೆಕ್ಕದಂತೆ, ಕೊನೆಯವರೆಗೂ ಸೇದಿದವರು ಸರಾಸರಿ 10 ವರ್ಷ ಮೊದಲೇ ಹೋಗಿದ್ದರು. ಅರವತ್ತರಲ್ಲಿ ಬಿಟ್ಟವರು ಅದರಲ್ಲಿ 3 ವರ್ಷ ಉಳಿಸಿಕೊಂಡರು, ಐವತ್ತರಲ್ಲಿ ಬಿಟ್ಟವರು 6, ನಲವತ್ತರಲ್ಲಿ ಬಿಟ್ಟವರು 9. ನಿಮ್ಮ ವಯಸ್ಸೆಷ್ಟು ಎಂದಿರಿ?

ದಿನಕ್ಕೆ ಎರಡು ಸಾಲದೇ ಎಂದರೆ, ಸಾಲದು. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎಣಿಕೆ ಕಡಿಮೆಯಾದಂತೆ ಇಳಿಯುತ್ತದೆ, ಹೃದಯ ಮಾತ್ರ ಹಾಗೆ ಲೆಕ್ಕ ಇಡುವುದಿಲ್ಲ. ಸ್ವಲ್ಪ ಹೊಗೆಗೇ ರಕ್ತನಾಳದ ಒಳಪದರ ಕೆರಳುತ್ತದೆ, ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ. ದಿನಕ್ಕೆ ಒಂದೇ ಸೇದಿದರೂ ಇಪ್ಪತ್ತು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಉಳಿದೇ ಇರುತ್ತದೆ. ಅದೂ ಅಲ್ಲದೆ, ಎಣಿಕೆ ಇಳಿಸಿದವರು ಒಂದೊಂದನ್ನೂ ಆಳವಾಗಿ, ತುದಿಯವರೆಗೂ ಎಳೆಯುತ್ತಾರೆ. ‘ಲೈಟ್’ ಸಿಗರೇಟಿನ ಕಥೆಯೂ ಇದೇ.

ಈಗ ಆ ಮೂರನೆಯ ದಿನ. ಎಳೆದ ಹೊಗೆಯಲ್ಲಿನ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಒಂದು ಸಿಗರೇಟಿಗೆ ಹತ್ತು ಸಲ ಎಳೆದರೂ ಇಪ್ಪತ್ತರ ಒಂದು ಪ್ಯಾಕಿಗೆ ಇನ್ನೂರು ಸಲ. ಇಪ್ಪತ್ತು ವರ್ಷ ನಿಮ್ಮ ಮಿದುಳಿಗೆ ದಿನಕ್ಕೆ ಇನ್ನೂರು ಸಲ ಪಾಠವಾಗಿದೆ: ಬೇಸರವಾದರೆ ಇದು, ಊಟವಾದರೆ ಇದು, ಫೋನ್ ಬಂದರೆ ಇದು. ನಿಕೋಟಿನ್ ಹಿಡಿಯುವ ಗ್ರಾಹಕಗಳೂ (ನರಕೋಶದ ಮೇಲಿನ ಕೊಂಡಿಗಳು) ಅಲ್ಲಿ ಹೆಚ್ಚಿಕೊಂಡಿರುತ್ತವೆ. ರಕ್ತದಲ್ಲಿ ಅದರ ಮಟ್ಟ ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ, ಇಳಿದಂತೆ ಚಡಪಡಿಕೆ ಶುರು. ಸಿಗರೇಟು ಸೇದಿದರೆ ಒತ್ತಡ ಇಳಿಯುತ್ತದೆ ಎನ್ನುತ್ತೀರಲ್ಲ, ಆ ಒತ್ತಡದ ದೊಡ್ಡ ಪಾಲು ಹಿಂದಿನ ಸಿಗರೇಟೇ ತಂದದ್ದು.

ಪೂರ್ತಿ ಬಿಟ್ಟಾಗ ಸಿಡುಕು, ನಿದ್ರೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ವಿಪರೀತ ಹಸಿವು, ಇವೆಲ್ಲ ಎರಡನೆಯ ಮೂರನೆಯ ದಿನಕ್ಕೆ ತುತ್ತತುದಿಗೆ ಏರಿ, ಆಮೇಲೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ನೀವು ಪ್ರತಿ ಸಲವೂ ಏರು ಮುಗಿಯುವ ಜಾಗದಿಂದಲೇ ಹಿಂದಿರುಗಿ ಬಂದಿದ್ದೀರಿ. ಅದನ್ನು ‘ನನಗೆ ಮನೋಬಲವಿಲ್ಲ’ ಎಂದು ಓದಿಕೊಂಡಿದ್ದೀರಿ. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ವರ್ಷದ ಕೊನೆಗೆ ನಿಲ್ಲುವವರು ನೂರಕ್ಕೆ ಐದರ ಆಸುಪಾಸು. ‘ಮನಸ್ಸಿದ್ದರೆ ಬಿಡಬಹುದು’ ಎಂದು ಉಪದೇಶಿಸುವವರು, ಅವರಲ್ಲಿ ಬಹುಪಾಲು ಎಂದೂ ಸೇದದವರು, ಈ ಅಂಕಿಯನ್ನೊಮ್ಮೆ ನೋಡಬೇಕು.

ಯಾರೂ ಹೇಳದ ಇನ್ನೆರಡು ವಿಷಯಗಳಿವೆ. ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ಹೆಚ್ಚಾಗಬಹುದು. ಹೊಗೆಗೆ ಮರಗಟ್ಟಿದ್ದ ಉಸಿರುನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸ ಶುರುಮಾಡಿ ಕಸ ಹೊರಹಾಕುವ ಗದ್ದಲ ಅದು. ‘ಸೇದುತ್ತಿದ್ದಾಗಲೇ ಚೆನ್ನಾಗಿದ್ದೆ’ ಎಂದು ಇದಕ್ಕೇ ಮರಳಿದವರನ್ನು ಕಂಡಿದ್ದೇನೆ. ಎರಡನೆಯದು ಕಾಫಿ. ಹೊಗೆಯಲ್ಲಿನ ರಾಸಾಯನಿಕಗಳಿಂದಾಗಿ ಸೇದುವವರ ಯಕೃತ್ತು ಕೆಫೀನನ್ನು ಬೇಗಬೇಗ ಕರಗಿಸುತ್ತಿರುತ್ತದೆ. ಬಿಟ್ಟ ಮೇಲೆ ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಏರುತ್ತದೆ. ಎದೆ ಡವಗುಟ್ಟಿ ನಿದ್ರೆ ಹಾರಿದಾಗ ತಪ್ಪು ಸಿಗರೇಟು ಬಿಟ್ಟದ್ದರದೇ ಆಗಿರಬೇಕಿಲ್ಲ, ಕಾಫಿಯದೂ ಇರಬಹುದು. ಆ ವಾರ ಕಾಫಿಯನ್ನು ಅರ್ಧ ಮಾಡಿ.

ನಮ್ಮ ಕೋಣೆಯಲ್ಲಿ ಅಂಗೈಯಗಲದ ಇನ್ನೊಂದು ಯಂತ್ರವಿದೆ. ಹದಿನೈದು ಸೆಕೆಂಡ್ ಉಸಿರು ಹಿಡಿದು ಊದಿದರೆ ಉಸಿರಿನಲ್ಲಿ ಎಷ್ಟು ಕಾರ್ಬನ್ ಮೊನಾಕ್ಸೈಡ್ ಇದೆ ಎಂದು ತೋರಿಸುತ್ತದೆ. ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಪ್ಯಾಕ್ ಮುಗಿಸುವವರಿಗೆ ಇಪ್ಪತ್ತು, ಮೂವತ್ತು ಎಂದು ಅಂಕಿ ಬರುವುದುಂಟು. ಒಂದು ದಿನ ಪೂರ್ತಿ ಸೇದದೆ ಬಂದು ಊದಿದರೆ ಅದು ಹತ್ತರ ಕೆಳಗೆ, ಎಷ್ಟೋ ಸಲ ಐದರ ಕೆಳಗೆ ಬಂದಿರುತ್ತದೆ. ಎದೆಯ ಎಕ್ಸ್-ರೇ ನೋಡಿ ಹೆದರಿದವರಿಗಿಂತ ಈ ಅಂಕಿ ನೋಡಿ ಹಿಗ್ಗಿದವರೇ ಮರುದಿನವೂ ತಡೆದುಕೊಳ್ಳುತ್ತಾರೆ ಎಂಬುದು ನಾನು ಕಂಡ ಸಂಗತಿ.

ಆದ್ದರಿಂದ ಮುಂದಿನ ಸಲ ಬರಿಗೈಯಲ್ಲಿ ಹೊರಡಬೇಡಿ, ವೈದ್ಯರನ್ನು ಕಂಡು ಹೊರಡಿ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ನಿಕೋಟಿನ್ ಗಮ್, ವರೆನಿಕ್ಲಿನ್ ಮತ್ತು ಬುಪ್ರೊಪಿಯಾನ್ ಮಾತ್ರೆಗಳು, ಎಲ್ಲಕ್ಕೂ ಪುರಾವೆಯಿದೆ. ಹೃದಯದ ತೊಂದರೆ, ಮೂರ್ಛೆರೋಗ ಇದ್ದರೆ ಮೊದಲೇ ಹೇಳಿ. ಒಂದು ಚಟ ಬಿಟ್ಟು ಇನ್ನೊಂದೇ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲ: ಕಟ್ಟಿಹಾಕುವುದು ನಿಕೋಟಿನ್, ಕೊಲ್ಲುವುದು ಬಹುತೇಕ ಹೊಗೆ. ನಿಧಾನವಾಗಿ ಒಂದೇ ಮಟ್ಟ ಕಾಯುವ ಪ್ಯಾಚ್ ಜೊತೆಗೆ ದಿಢೀರ್ ಆಸೆಗೆ ಗಮ್ ಬಳಸುವುದು ಎರಡರಲ್ಲಿ ಒಂದನ್ನೇ ಬಳಸುವುದಕ್ಕಿಂತ ಮೇಲು.

ಗಮ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹಳ ಮಂದಿ ಅದನ್ನು ಮಾಮೂಲಿ ಚ್ಯೂಯಿಂಗ್ ಗಮ್ಮಿನಂತೆ ಅಗಿದಿರುತ್ತಾರೆ. ಹಾಗೆ ಅಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ ಅಷ್ಟೇ. ಮೆಲ್ಲಗೆ ಅಗಿಯಿರಿ, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ, ಚುರುಕು ಆರಿದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಕಾಫಿ, ಹಣ್ಣಿನ ರಸ, ತಂಪು ಪಾನೀಯ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಾದರೆ 4 ಮಿಲಿಗ್ರಾಮಿನದು ಕೇಳಿ, ಅದಕ್ಕಿಂತ ತಡವಾಗಿ ಹಚ್ಚುವವರಿಗೆ 2 ಸಾಕು.