ಮಾರ್ಗರೆಟ್ ಮುದುಕಿಯರ ಹೆಸರಾ?

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿರೋ ಮಂಗಳೂರಿನ ಓದುಗರೊಬ್ರು ಬರೆದಿದ್ದಾರೆ: ಹುಟ್ಟೋ ಮಗು ಹೆಣ್ಣಾದ್ರೆ ತಮ್ಮ ಅಮ್ಮನ ಹೆಸರು ಮಾರ್ಗರೆಟ್ ಅಂತ ಇಡೋ ಆಸೆ, ಗಂಡ ಮಾತ್ರ 'ಅದು ಮುದುಕಿಯರ ಹೆಸರು, ಸ್ಕೂಲಲ್ಲಿ ಆಡ್ಕೋತಾರೆ' ಅಂತಾರಂತೆ. ನೀವೇನಂತೀರಿ ಅಂತ ಪ್ರಶ್ನೆ.

ಸಂಪಾದಕರ ಉತ್ತರ:

ನಿಮ್ಮ ಯಜಮಾನ್ರ ಮಾತಲ್ಲಿ ಸತ್ಯ ಇಲ್ದೇ ಇಲ್ಲ ಮೇಡಂ. ಇಂಗ್ಲೆಂಡ್, ವೇಲ್ಸಲ್ಲಿ 1924, 1934, 1944 ಮೂರೂ ಪಟ್ಟಿಲಿ ಹೆಣ್ಮಕ್ಕಳ ನಂಬರ್ ಒನ್ ಹೆಸರು ಮಾರ್ಗರೆಟ್ಟೇ, 1954ರ ಹೊತ್ತಿಗೆ ಆ ಜಾಗಕ್ಕೆ ಸೂಸನ್ ಬಂದು ಕೂತ್ಲು, ಈಗ ಮೊದಲ ನೂರರಲ್ಲೂ ಇಲ್ಲ. ಹಾಗಾಗಿ ಅಲ್ಲಿ ಸಿಗೋ ಮಾರ್ಗರೆಟ್‌ಗಳು ಹೆಚ್ಚುಕಮ್ಮಿ ಪಿಂಚಣಿ ತಗೊಳ್ಳೋರೇ. ಒಪ್ಕೊಂಡೆ. ಅವರ ಪಾಲಿನ ನ್ಯಾಯ ಇಲ್ಲಿಗೆ ಮುಗೀತು.

ಆದ್ರೆ ನೀವಿರೋ ಊರು ಯಾವ್ದು ಸ್ವಲ್ಪ ನೋಡಿ! ಕೋಟೆ ಮೇಲಿರೋ ಪುಟ್ಟ ಕಲ್ಲಿನ ಚಾಪೆಲ್ ಸೇಂಟ್ ಮಾರ್ಗರೆಟ್ಟಂದು, ಊರಿಗೇ ಹಳೇ ಕಟ್ಟಡ, ಅವಳ ಮಗ ಒಂದನೇ ಡೇವಿಡ್ 12ನೇ ಶತಮಾನದಲ್ಲಿ ಕಟ್ಸಿದ್ದು. ಹಂಗೇರಿಲಿ ಹುಟ್ಟಿ, ಸ್ಕಾಟ್ಲೆಂಡಿನ ರಾಜ ಮೂರನೇ ಮಾಲ್ಕಮ್‌ನ ಕೈಹಿಡಿದು, 1093ರಲ್ಲಿ ಗಂಡನೂ ಮಗನೂ ಯುದ್ಧದಲ್ಲಿ ಸತ್ತ ಕೆಲವೇ ದಿನಕ್ಕೆ ತಾನೂ ತೀರ್ಕೊಂಡ್ಲು. ಊರ ಪಕ್ಕದ ಫೋರ್ತ್ ನದಿಯ ಅಳಿವೆ ದಾಟೋ ಯಾತ್ರಿಕರಿಗೆ ಅವಳು ಮಾಡ್ಸಿದ ದೋಣಿ ವ್ಯವಸ್ಥೆಯಿಂದ್ಲೇ ಕ್ವೀನ್ಸ್‌ಫೆರಿ ಅನ್ನೋ ಊರಿನ ಹೆಸರು. ಅವಳಿಗಿಂತ ಹಿಂದಿನವಳು ಅಂತಿಯೋಕ್ಯದ ಸಂತ ಮಾರ್ಗರೆಟ್, ಡ್ರ್ಯಾಗನ್ ನುಂಗಿದ್ರೂ ಅದರ ಹೊಟ್ಟೆ ಸೀಳ್ಕೊಂಡು ಹೊರಗೆ ಬಂದ್ಲು ಅಂತ ಕಥೆ, ಅದಕ್ಕೇ ಯುರೋಪಿನ ಬಸುರಿಯರು ಹೆರಿಗೆ ಸಲೀಸಾಗ್ಲಿ ಅಂತ ಅವಳನ್ನ ಬೇಡ್ಕೋತಿದ್ರು. ಅವಳು ನಿಜಕ್ಕೂ ಇದ್ಲೋ ಇಲ್ವೋ ಅನ್ನೋ ಅನುಮಾನಕ್ಕೆ 1969ರಲ್ಲಿ ರೋಮ್‌ನ ಕ್ಯಾಥೊಲಿಕ್ ಚರ್ಚಿನವರು ಅವಳ ಹಬ್ಬಾನ ಕ್ಯಾಲೆಂಡರಿಂದ ತೆಗೆದುಬಿಟ್ರು, ಇತಿಹಾಸಕ್ಕೆ ಅದು ಸರಿ ಇರ್ಬೋದು, ನಂಗಂತೂ ಬೇಜಾರು. ಇನ್ನು ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ 1397ರಲ್ಲಿ ಒಂದು ಮಾಡಿದ ರಾಣಿ ಹೆಸರೂ ಮಾರ್ಗರೆಟ್ಟೇ.

ಹಾಗಂತ ರಾಣಿಯರಿಂದ ಹೆಸರು ಉಳೀತು ಅಂದ್ಕೋಬೇಡಿ, ಉಳಿಸಿದ್ದು ಅಜ್ಜಿಯರು. ಸ್ಕಾಟ್ಲೆಂಡಿನ ಹಳೇ ಪದ್ಧತಿಲಿ ಮೊದಲ ಮಗಳಿಗೆ ತಾಯಿಯ ತಾಯಿ ಹೆಸರು, ಎರಡನೆಯವಳಿಗೆ ತಂದೆಯ ತಾಯಿದು. ನಿಮ್ಮಾಸೆನೂ ಅದೇ ಅಲ್ವಾ! ಹೀಗೆ ಒಂದೇ ಮನೇಲಿ ಮೂರ್ನಾಲ್ಕು ಮಾರ್ಗರೆಟ್ ಆದಾಗ ಒಬ್ಬಳು ಮೆಗ್, ಒಬ್ಬಳು ಪೆಗ್ಗಿ, ಇನ್ನೊಬ್ಬಳು ಡೇಸಿ (ಫ್ರೆಂಚಲ್ಲಿ ಡೇಸಿ ಹೂವಿಗೆ ಮಾರ್ಗರೀಟ್ ಅಂತಾರೆ). ನಮ್ಮಲ್ಲೂ ಅತ್ತೆ ಹೆಸರು ಮಗಳಿಗಿಟ್ಟು, ಆ ಹೆಸರು ಹಿಡಿದು ಬೈಯೋಕಾಗ್ದೆ ಪುಟ್ಟಿ, ಚಿನ್ನಿ ಅಂತ ಕರೆದ ಸೊಸೆಯರು ಎಷ್ಟಿಲ್ಲ. ಸ್ಕೂಲಿನ ಭಯ ಬಿಡಿ, ಈಗ ಬ್ರಿಟನ್ನಲ್ಲಿ ಮಾರ್ಗೋ, ಡೇಸಿ ಅಂತ ಖುಷಿಯಾಗಿ ಇಡ್ತಿದ್ದಾರೆ, ಅವೆಲ್ಲ ಇದೇ ಅಜ್ಜಿಯ ಮೊಮ್ಮಕ್ಕಳು. ಮಂಗಳೂರಿಗೆ ರಜಕ್ಕೆ ಬಂದಾಗ ಮಾತ್ರ ಮ್ಯಾಗಿ ಅಂತ ಕರೀಬೇಡಿ, ಇಲ್ಲಿನ ಹುಡುಗ್ರು 'ಎರಡೇ ನಿಮಿಷ' ಅಂತ ಶುರು ಮಾಡ್ತಾರೆ.

ನಂಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಮನೇಲಿ ಅಜ್ಜಿ ಕೂತಿರ್ತಾರೆ, ಇವರು ಮೊಬೈಲಲ್ಲಿ 'ಯುನೀಕ್ ನೇಮ್' ಹುಡುಕ್ತಿರ್ತಾರೆ, ಎಲ್ಲರೂ ಅದೇ ಆ್ಯಪ್ ನೋಡೋದ್ರಿಂದ ಒಂದೇ ಕ್ಲಾಸಲ್ಲಿ ನಾಲ್ಕು ಯುನೀಕ್ ಹೆಸರು, ನಾಲ್ಕೂ ಒಂದೇ! ಸಾಲದ್ದಕ್ಕೆ ನ್ಯೂಮರಾಲಜಿಯವರ ಮಾತು ಕೇಳಿ ಸ್ಪೆಲ್ಲಿಂಗಲ್ಲಿ ಎರಡೆರಡು 'ಎ' ತುಂಬೋದು, ಆಮೇಲೆ ಪಾಸ್‌ಪೋರ್ಟಲ್ಲೊಂದು ಆಧಾರಲ್ಲೊಂದು ಅಂತ ಅಫಿಡವಿಟ್ ಹಿಡ್ಕೊಂಡು ಅಲೆಯೋದು. ನಿಮ್ಮ ಯಜಮಾನ್ರು ಒಪ್ಪಿದ್ರೆ ಸಂತೋಷ, ಆದ್ರೆ ಕೊನೇಲಿ ಅದೃಷ್ಟಕ್ಕೆ ಇನ್ನೊಂದು 'ಟಿ' ಇರ್ಲಿ ಅಂದ್ರೆ ತಕ್ಷಣ ನಂಗೆ ಬರೀರಿ.