ರಾಗಿ ಹೆಚ್ಚು ಬಂದಿದ್ದು ಜೀವಾಮೃತದಿಂದಲೇನಾ? ಹೀಗೆ ಮಾಡಿ ನೋಡಿ

ಅಣ್ಣಾ, ಕೆಳಗಿನ ತಾಕಿಗೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ನೀರಿಗೆ ಹಾಕಿ ಕೊಳೆಸಿದ ದ್ರವ ಗೊಬ್ಬರ) ಕೊಟ್ಟಿರಿ, ಮೇಲಿನದಕ್ಕೆ ಕೊಡಲಿಲ್ಲ. ಕೆಳಗೆ ರಾಗಿ ಜಾಸ್ತಿ ಬಂತು, ಇದು ಜೀವಾಮೃತದ ಫಲವೇ ಅಂತ ಕೇಳಿದ್ದೀರಿ. ಇರಬಹುದು. ಆದರೆ ಮಳೆಗೆ ಮೇಲಿನ ಮಣ್ಣು ಕೊಚ್ಚಿ ಕೆಳಗೇ ಬಂದು ನಿಲ್ಲುತ್ತದೆ, ತೇವವೂ ಅಲ್ಲೇ ಹೆಚ್ಚು ದಿನ ಇರುತ್ತದೆ. ಸಾಲದ್ದಕ್ಕೆ ಅಲ್ಲಿ ನಾಟಿಯೂ ವಾರ ಮುಂಚೆ ಆಗಿದೆ. ಇಷ್ಟೆಲ್ಲ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಅಂತ ಹೇಳುವುದು ಹೇಗೆ, ಅಲ್ವಾ?

ಮುಂದಿನ ಮುಂಗಾರಿಗೆ ಮೇಲಿನ ತಾಕಿನಲ್ಲೇ ಮಾಡಿ, ಅಲ್ಲಿ ಇನ್ನೂ ಜೀವಾಮೃತ ಬಿದ್ದಿಲ್ಲ. ಒಂದೇ ಮಟ್ಟದ ಜಾಗ ನೋಡಿ 5 ಮೀಟರ್ ಉದ್ದ, 4 ಮೀಟರ್ ಅಗಲದ 8 ಮಡಿ ಕಟ್ಟಿ. ನಡುವೆ ಸಣ್ಣ ಬದು ಇರಲಿ, ಒಂದರ ನೀರು ಇನ್ನೊಂದಕ್ಕೆ ಹರಿಯಬಾರದು. ತಳಿ, ಪೈರಿನ ವಯಸ್ಸು, ಸಾಲಿನ ಅಂತರ, ಕೊಟ್ಟಿಗೆ ಗೊಬ್ಬರ, ಕಳೆ ತೆಗೆಯುವ ದಿನ ಎಲ್ಲಕ್ಕೂ ಒಂದೇ. ಯಾವ 4 ಮಡಿಗೆ ಜೀವಾಮೃತ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಕಣ್ಣಂದಾಜಿಗೆ ಬಿಟ್ಟರೆ ಕೈ ತಾನಾಗಿ ಒಳ್ಳೆ ಮಡಿಯ ಕಡೆಗೇ ಹೋಗುತ್ತದೆ. 1919ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹೊಲದ ಪ್ರಯೋಗಗಳಲ್ಲಿ ಪಟ್ಟು ಹಿಡಿದಿದ್ದೂ ಇದಕ್ಕೇ.

ತುಂಬಾ ಜನ ಬಿಟ್ಟುಬಿಡುವುದು ನೀರಿನ ಲೆಕ್ಕವನ್ನು. ಎಕರೆಗೆ 200 ಲೀಟರ್ ಅಂದರೆ ಇಂಥ ಮಡಿಗೆ ಸುಮಾರು 1 ಲೀಟರ್ ಬೀಳುತ್ತದೆ. ಸಮನಾಗಿ ಹರಡಲಿ ಅಂತ ಅದನ್ನು 10 ಲೀಟರ್ ನೀರಿಗೆ ಬೆರೆಸಿ ಹಾಕಿದರೆ, ಉಳಿದ 4 ಮಡಿಗೂ ಅದೇ ದಿನ 11 ಲೀಟರ್ ಬರೀ ನೀರು ಹಾಕಬೇಕು. ಇಲ್ಲದಿದ್ದರೆ ಮಳೆ ಕೈಕೊಟ್ಟಾಗ ನೀರು ಮಾಡಿದ ಉಪಕಾರ ಜೀವಾಮೃತದ ಖಾತೆಗೆ ಹೋಗುತ್ತದೆ.

ಜೀವಾಮೃತಕ್ಕೆ ಬೆಲ್ಲ, ಹಿಟ್ಟು ಬೇಕೇ ಬೇಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಒಳ್ಳೆ ಪ್ರಶ್ನೆ. ಅದಕ್ಕೆ ಇನ್ನೂ 4 ಮಡಿ ಸೇರಿಸಿ. ಅಷ್ಟೇ ಸಗಣಿ, ಅಷ್ಟೇ ಗಂಜಲ, ಅಷ್ಟೇ ನೀರು. ಬೆಲ್ಲ, ಹಿಟ್ಟು ಮಾತ್ರ ಇಲ್ಲ. ಆಗ 12 ಮಡಿಗೂ ಸೇರಿಸಿಯೇ ಚೀಟಿ ಎತ್ತಿ.

ಕೊಯ್ಲಿನಲ್ಲಿ ಅಂಚಿನ ಎರಡೆರಡು ಸಾಲು ಲೆಕ್ಕಕ್ಕೆ ಬೇಡ, ಅಲ್ಲಿ ಬೆಳಕು, ಗಾಳಿ ಜಾಸ್ತಿ ಸಿಗುತ್ತದೆ. ಪ್ರತಿ ಮಡಿಯದ್ದನ್ನೂ ಬೇರೆಬೇರೆ ಒಕ್ಕಿ, ಚೆನ್ನಾಗಿ ಒಣಗಿಸಿ ತೂಗಿ. ಸುಮ್ನೆ ಸರಾಸರಿ ನೋಡಿ ಖುಷಿಪಡಬೇಡಿ. ಬರೀ ನೀರು ಕುಡಿದ ಮಡಿಗಳಲ್ಲೇ ಒಂದಕ್ಕೂ ಇನ್ನೊಂದಕ್ಕೂ 1 ಕೆಜಿ ವ್ಯತ್ಯಾಸ ಇದ್ದು, ಜೀವಾಮೃತದ್ದು ಸರಾಸರಿ ಕಾಲು ಕೆಜಿ ಹೆಚ್ಚಿದ್ದರೆ, ಅದರಿಂದ ಏನೂ ತೀರ್ಮಾನ ಆಗುವುದಿಲ್ಲ. ಇನ್ನೊಂದು ವರ್ಷ ಮಾಡಬೇಕಾಗುತ್ತದೆ.

ಪ್ರತಿ ಮಡಿಯ ತೂಕವನ್ನೂ ಇಲ್ಲೇ ಹಾಕಿ, ಕೂತು ಒಟ್ಟಿಗೆ ಲೆಕ್ಕ ಮಾಡೋಣ.