ಮಸಾಯಿ ಮಾರಾದಲ್ಲಿ ವೈಲ್ಡ್‌ಬೀಸ್ಟ್ ನದಿ ದಾಟುವುದನ್ನು ನೋಡಲು ಎರಡು ರಾತ್ರಿ ಸಾಕೇ?

ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು ಮಾರಾ ನದಿ ದಾಟುವುದನ್ನು ನೋಡಲು ಆಗಸ್ಟ್‌ನಲ್ಲಿ ಇಬ್ಬರು ಕೀನ್ಯಾಕ್ಕೆ ಹೊರಟಿದ್ದೀರಿ, ಪ್ಯಾಕೇಜಿನಲ್ಲಿ ಅಂಬೊಸೆಲಿ 2 ರಾತ್ರಿ, ನಕುರು 1, ನೈವಾಶಾ 1, ಕೊನೆಗೆ ಮಾರಾ 2 ಕೊಟ್ಟಿದ್ದಾರೆ, ಇಷ್ಟು ಸಾಕೇ ಎಂದು ಕೇಳಿದ್ದೀರಿ. ಸಾಲದು. ಅಂಬೊಸೆಲಿಯನ್ನು ಪೂರ್ತಿ ಕೈಬಿಟ್ಟು ಆ ರಾತ್ರಿಗಳನ್ನೂ ಮಾರಾಕ್ಕೇ ಕೊಡಿ. ಅಂಬೊಸೆಲಿ ಇರುವುದು ನೈರೋಬಿಯ ಇನ್ನೊಂದು ದಿಕ್ಕಿಗೆ. ಅಲ್ಲಿಂದ ಬರುವುದರಲ್ಲೇ ಒಂದು ಹಗಲು ರಸ್ತೆಯ ಪಾಲಾಗುತ್ತದೆ.

ಎರಡು ರಾತ್ರಿಯ ಲೆಕ್ಕ ನೋಡಿ. ನೈವಾಶಾ ಬಿಟ್ಟು ನಾರೋಕ್ ಮೇಲೆ ಮಾರಾ ತಲುಪುವಾಗ ಮಧ್ಯಾಹ್ನ. ಹೊರಡುವ ದಿನ ಬೆಳಗ್ಗೆ 10ರೊಳಗೆ ಗೇಟಿನಿಂದ ಆಚೆ ಬರಬೇಕು, ತಡವಾದರೆ ಆ ದಿನದ ಶುಲ್ಕವೂ ಬೀಳುತ್ತದೆ. ಕೈಗೆ ಸಿಗುವುದು ಒಂದೇ ಒಂದು ಇಡೀ ದಿನ.

ಆ ಒಂದು ದಿನದಲ್ಲಿ ಏನೂ ಆಗದೇ ಇರಬಹುದು. ಸಾವಿರಾರು ಪ್ರಾಣಿಗಳು ದಡಕ್ಕೆ ಬಂದು ನಿಲ್ಲುತ್ತವೆ. ಮುಂದಿನದು ನೀರಿಗೆ ಮೂತಿ ಚಾಚಿ ಹಿಂದೆ ಸರಿಯುತ್ತದೆ, ಹಿಂದಿನವು ಒತ್ತುತ್ತವೆ, ಧೂಳು ಏಳುತ್ತದೆ. ಅಷ್ಟರಲ್ಲಿ ಯಾವುದೋ ಗಾಡಿ ದಡದ ಅಂಚಿಗೆ ನುಗ್ಗಿತೆಂದರೆ ಇಡೀ ಹಿಂಡು ತಿರುಗಿ ಹುಲ್ಲುಗಾವಲಿಗೆ ಓಡುತ್ತದೆ, ಮೂರ್ನಾಲ್ಕು ಗಂಟೆಯ ಕಾಯುವಿಕೆ ನೀರುಪಾಲು. ಮೊದಲನೆಯದು ಹಾರಿ, ಸಾಲು ಕಟ್ಟಿ ದಾಟತೊಡಗಿದ ಮೇಲೆ ಮಾತ್ರ ಗಾಡಿ ಹತ್ತಿರ ಹೋಗಬೇಕು. ಇದನ್ನು ನಿಮ್ಮ ಗೈಡ್‌ಗೆ ಹಿಂದಿನ ರಾತ್ರಿಯೇ ಹೇಳಿಡಿ: "ದೂರ ನಿಲ್ಲಿಸಿ, ಕಾಯಲು ನಮಗೆ ಬೇಸರವಿಲ್ಲ." ಪ್ರವಾಸಿಗರ ಆತುರ ಕಂಡೇ ಬಹಳ ಚಾಲಕರು ಮುಂದೆ ನುಗ್ಗುವುದು.

ಹಿಂಡುಗಳು ಹೋಗುವುದು ಮಳೆಯ ಹಿಂದೆ, ಕ್ಯಾಲೆಂಡರ್ ಹಿಂದೆ ಅಲ್ಲ. ಸಾಮಾನ್ಯವಾಗಿ ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಅವು ಮಾರಾ ಮತ್ತು ಪಕ್ಕದ ತಾಂಜಾನಿಯಾದ ಉತ್ತರ ಸೆರೆಂಗೆಟಿಯ ನಡುವೆ ಇರುತ್ತವೆ. ನದಿಯ ಆಚೆ ಚೆನ್ನಾಗಿ ಮಳೆಯಾದರೆ ದಾಟಿ ಬಂದವೇ ಮತ್ತೆ ಅತ್ತ ದಾಟುತ್ತವೆ. ಆಗಸ್ಟ್ ಒಳ್ಳೆಯ ಆಯ್ಕೆಯೇ, ಆದರೆ "ಗ್ಯಾರಂಟಿ ಕ್ರಾಸಿಂಗ್" ಎನ್ನುವ ಕಂಪನಿಯನ್ನು ನಂಬಬೇಡಿ. ದಿನಾಂಕ ಬದಲಾಯಿಸಬಹುದಾದರೆ ಫೆಬ್ರುವರಿಯಲ್ಲಿ ತಾಂಜಾನಿಯಾದ ಎನ್‌ಡುಟು ಬಯಲಿಗೆ ಹೋಗುವುದನ್ನೂ ಯೋಚಿಸಿ. ಅಲ್ಲಿ ನದಿಯ ದೃಶ್ಯವಿಲ್ಲ. ಆದರೆ ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಕರುಗಳು ಹುಟ್ಟುತ್ತವೆ, ಗಿಡ್ಡ ಹುಲ್ಲಿನ ಬಯಲಿನಲ್ಲಿ ಚೀತಾಗಳ ಬೇಟೆ ಕಣ್ಣೆದುರೇ ನಡೆಯುತ್ತದೆ.

ಮಾರಾ, ಸೆರೆಂಗೆಟಿ ಎರಡನ್ನೂ ಏಳು ದಿನಕ್ಕೆ ತುರುಕಬೇಡಿ. ಎರಡೂ ಕಾಡು ಅಂಟಿಕೊಂಡೇ ಇದ್ದರೂ ನಡುವಿನ ಗಡಿ ಪ್ರವಾಸಿಗರಿಗೆ ತೆರೆದಿಲ್ಲ. ಗಡಿಯ ಊರಾದ ಇಸೆಬಾನಿಯಾ ತನಕ ಸುತ್ತಿ, ಗಾಡಿ ಬದಲಾಯಿಸಿ ಹೋಗಬೇಕು.

ದುಡ್ಡಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು: ಮಾರಾ ಪ್ರವೇಶ ಶುಲ್ಕ ಪ್ಯಾಕೇಜಿನಲ್ಲಿ ಸೇರಿದೆಯೇ? 2024ರಿಂದ ಜುಲೈ–ಡಿಸೆಂಬರ್ ಅವಧಿಗೆ ವಿದೇಶಿ ವಯಸ್ಕರಿಗೆ ದಿನಕ್ಕೆ 200 ಡಾಲರ್, ಅದೂ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ಇಬ್ಬರಿಗೆ ನಾಲ್ಕು ದಿನಕ್ಕೆ 1,600 ಡಾಲರ್. ಅಗ್ಗವಾಗಿ ಕಾಣುವ ಕೊಟೇಶನ್‌ನಲ್ಲಿ ಬಿಟ್ಟಿರುವುದು ಹೆಚ್ಚಾಗಿ ಇದನ್ನೇ. ಸೆಕೆನಾನಿ ಗೇಟಿನ ಹೊರಗಿನ ಕ್ಯಾಂಪುಗಳು ಅಗ್ಗ ನಿಜ, ಆದರೆ ಅಲ್ಲಿಂದ ನದಿಗೆ ಒಂದು ಗಂಟೆಗೂ ಹೆಚ್ಚು ದಾರಿ. ಅಲ್ಲೇ ತಂಗುವುದಾದರೆ ಊಟ ಕಟ್ಟಿಸಿಕೊಂಡು 6ಕ್ಕೇ ಒಳಗೆ ಹೋಗಿ, ಸಂಜೆಯವರೆಗೆ ಒಳಗೇ ಇರಿ.

ಗಾಡಿ ಫೋರ್ ವೀಲ್ ಡ್ರೈವ್ ಲ್ಯಾಂಡ್ ಕ್ರೂಸರ್ ಆಗಿರಲಿ. ಮಾರಾದ ಬಹುಭಾಗ ನಮ್ಮ ಬಯಲುಸೀಮೆಯಂಥದೇ ಎರೆಮಣ್ಣು, ಒಂದು ಜೋರು ಮಳೆ ಬಿದ್ದರೆ ವ್ಯಾನ್ ಹೂತು ನಿಲ್ಲುತ್ತದೆ.

ಕೀನ್ಯಾಕ್ಕೆ ಈಗ ವೀಸಾ ಬದಲು ಇ-ಟಿಎ ಎಂಬ ಪ್ರಯಾಣ ಅನುಮತಿ, ಆನ್‌ಲೈನ್‌ನಲ್ಲೇ ಮಾಡಿಸಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನಕ್ಕೂ ಮೊದಲು, ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕವಿಲ್ಲದೆ ಕೀನ್ಯಾದಿಂದ ಮರಳಿದವರನ್ನು ಭಾರತದಲ್ಲಿ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಮೊಟ್ಟೆಯ ಅಲರ್ಜಿ ಇರುವವರು, 60 ದಾಟಿದವರು ಮೊದಲು ವೈದ್ಯರನ್ನು ಕೇಳಿ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಹೋಗುವುದಾದರೆ ಕ್ಯಾಮೆರಾ ಸೇರಿ 15 ಕೆಜಿ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಬೆಳಗಿನ ಜಾವ ಚಳಿ ಇರುತ್ತದೆ, ಸ್ವೆಟರ್ ಇರಲಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಮಾತ್ರ ಮನೆಯಲ್ಲೇ ಬಿಡಿ, ಕೀನ್ಯಾದಲ್ಲಿ 2017ರಿಂದ ನಿಷೇಧವಿದೆ.